ವಿರಾಜಪೇಟೆಯಿಂದ ಕಡಲಿಗೆ: ಕಾರು ಮರಳಿಗೆ ಇಳಿಸುವ ಮುನ್ನ

ಕಾಫಿ ಕುಯ್ಲು ಮುಗಿಸಿ ಎರಡು ದಿನ ಸಮುದ್ರ ನೋಡಬೇಕೆನ್ನುವವರು ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಕಣ್ಣೂರಿಗೆ ಇಳಿಯಿರಿ. ಘಾಟಿಯಲ್ಲಿ ಎರಡನೇ, ಮೂರನೇ ಗೇರಲ್ಲೇ ಇಳಿಯಬೇಕು. ಬ್ರೇಕ್ ಒತ್ತಿಕೊಂಡೇ ಹೋದರೆ ಕಾದು ಹಿಡಿತ ಹೋಗುತ್ತದೆ. ಮಳೆಗಾಲದಲ್ಲಿ ಬೇಡ. ಗುಡ್ಡ ಜರಿಯುತ್ತದೆ, ಕಡಲೂ ಒರಟು.

ಕಣ್ಣೂರು, ತಲಶ್ಶೇರಿ ನಡುವಿನ ಮುಳಪ್ಪಿಲಙ್ಙಾಡಿನಲ್ಲಿ ಸುಮಾರು 4 ಕಿ.ಮೀ. ಮರಳಿನ ಮೇಲೆಯೇ ಕಾರು ಓಡಿಸಬಹುದು. ಆದರೆ ಇಳಿತದ, ಅಂದರೆ ಕಡಲ ನೀರು ಹಿಂದೆ ಸರಿಯುವ, ಹೊತ್ತು ಕೇಳಿಕೊಂಡೇ ಇಳಿಸಿ; ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗಿಲ್ಲ. ನೀರು ಈಗಷ್ಟೇ ಬಿಟ್ಟ ಗಟ್ಟಿ ಮರಳಲ್ಲಿ ಓಡಿಸಿ. ಟಯರ್ ಹೂತುಕೊಳ್ಳುವುದು ಮೇಲಿನ ಒಣ ಮರಳಲ್ಲೇ. ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಆಳಕ್ಕೆ ಕೊರೆಯುತ್ತದೆ. ಚಕ್ರದ ಮುಂದಿನ ಮರಳು ತೆಗೆದು, ಗಾಳಿ 20 ಪಿಎಸ್‌ಐಗೆ ಇಳಿಸಿ, ಕಾಲಡಿಯ ಮ್ಯಾಟ್ ಚಕ್ರದಡಿ ತೂರಿಸಿ ನಿಧಾನಕ್ಕೆ ಕಾರು ಓಡಿಸಿ ಹೊರತನ್ನಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಿ.

ಪಕ್ಕದ ಧರ್ಮಡಂ ತುರುತ್ತು ಪುಟ್ಟ ಹಸಿರು ದ್ವೀಪ, ತೆಂಗಿನ ತೋಪು ಬಲು ಚೆಂದ. ಇಳಿತದಲ್ಲಿ ನಡೆದೇ ಹೋಗುವಷ್ಟು ಹತ್ತಿರ, ಆದರೆ ಉಬ್ಬರಕ್ಕೆ ಮುಂಚೆ ವಾಪಸ್ ಬರಲೇಬೇಕು.

ಊರಿಗೆ ಹೊರಡುವ ಮುನ್ನ ಕಾರಿನ ಅಡಿಭಾಗವನ್ನು ಸಿಹಿನೀರಲ್ಲಿ ತೊಳೆಸಿ. ಉಪ್ಪು ಉಳಿದರೆ ಸೈಲೆನ್ಸರ್, ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತದೆ.