ಬಸುರಿಗೆ ಬೆಣ್ಣೆ ಎರಡೇ ಚಮಚ

ಹೋದ ತಿಂಗಳು ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಬೀಗರ ಪೈಕಿ ಒಬ್ಬ ಹುಡುಗಿಯ ಕುಬಸ. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಉಡಿ ತುಂಬಿದ್ದೂ ಆಯಿತು. ಆಮೇಲೆ ಬಂದವರೆಲ್ಲ ಸರದಿಯಲ್ಲಿ ಅವಳ ಬಾಯಿಗೆ ತುತ್ತು ಇಡತೊಡಗಿದರು. ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಕರ್ಚಿಕಾಯಿ, ರವೆ ಉಂಡಿ, ಮತ್ತೆ ತುಪ್ಪ. “ಇಬ್ಬರ ಊಟ ಉಣ್ಬೇಕವ್ವ ನೀನು” ಅಂತ ಎಲ್ಲರದೂ ಒಂದೇ ಒತ್ತಾಯ. ಹುಡುಗಿ ಎದೆ ನೀವಿಕೊಳ್ಳುತ್ತಾ “ಚಿಗವ್ವ, ಉರೀತದ” ಅಂದಳು. ಅವಳ ಅತ್ತೆ ನಕ್ಕುಬಿಟ್ಟರು. “ಉರಿದ್ರೆ ಒಳ್ಳೇದೇ ಬಿಡು, ಕೂಸಿಗೆ ಕೂದ್ಲು ದಟ್ಟ ಬರ್ತಾವ.”

ಇದೇ ಮಾತು ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿದೆ. ಶಾರೀರಸ್ಥಾನದ 8ನೇ ಅಧ್ಯಾಯದಲ್ಲಿ ಏಳನೇ ತಿಂಗಳ ಪಥ್ಯ ಹೇಳುವಾಗ, ‘ಮಗುವಿಗೆ ಕೂದಲು ಹುಟ್ಟುವುದರಿಂದ ತಾಯಿಗೆ ಉರಿಯಾಗುತ್ತದೆ ಎಂದು ಹೆಂಗಸರು ಹೇಳುತ್ತಾರೆ, ಅದು ಹಾಗಲ್ಲ’ ಎಂದು ಅದರಲ್ಲಿ ಪಾಠ ಹೇಳುವ ಗುರು ಆತ್ರೇಯ ಸ್ಪಷ್ಟವಾಗಿ ತಳ್ಳಿಹಾಕುತ್ತಾನೆ. ಗರ್ಭ ಬೆಳೆದು ಮೇಲಕ್ಕೆ ಒತ್ತುವುದರಿಂದ ಉರಿ, ಅದಕ್ಕೆ ಸ್ವಲ್ಪವೇ ಉಣ್ಣಬೇಕು, ಜಿಡ್ಡು ಮತ್ತು ಉಪ್ಪು ಕಡಿಮೆ ಇರಬೇಕು, ಊಟದ ಮೇಲೆ ನೀರೂ ಸ್ವಲ್ಪವೇ ಕುಡಿಯಬೇಕು ಅನ್ನುವುದು ಅವನ ಸಲಹೆ. ಆಯುರ್ವೇದದ ಹೆಸರಲ್ಲಿ ಏಳನೇ ತಿಂಗಳ ಬಸುರಿಗೆ ತುಪ್ಪ ಸುರಿಯುವವರು ಈ ಸಾಲಿನ ತನಕ ಬಂದೇ ಇಲ್ಲ.

ನಾನು ವೈದ್ಯೆ ಅಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ, ಒಬ್ಬ ಸೊಸೆಗೆ ಒಂಬತ್ತೂ ತಿಂಗಳು ಅಡುಗೆ ಮಾಡಿ ಹಾಕಿದವಳು. ಶಾಸ್ತ್ರದ ತಿಂಗಳ ಪಥ್ಯವನ್ನು ನಮ್ಮ ಊರಿನ ಅಡುಗೆಮನೆಯಲ್ಲಿ ಹೇಗೆ ಮಾಡಬಹುದು ಅನ್ನುವುದಷ್ಟೇ ಇಲ್ಲಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಡಾಕ್ಟರು ಹೇಳಿದ್ದೇ ಪಥ್ಯ. ಸದಾ ಸಿಹಿ ತಿನ್ನುವ ಬಸುರಿಯ ಕೂಸು ಪ್ರಮೇಹದ, ಅಂದರೆ ಸಕ್ಕರೆ ಕಾಯಿಲೆಯಂಥ ಮೂತ್ರರೋಗದ, ರೋಗಿಯಾದೀತು ಎಂದು ಚರಕನೂ ಎಚ್ಚರಿಸಿದ್ದಾನೆ.

ಮೊದಲ ತಿಂಗಳು: ಏನೂ ಬೆರೆಸದ ಹಾಲು, ತಣ್ಣಗೆ, ಜೀರ್ಣವಾಗುವಷ್ಟು. ಉಳಿದಂತೆ ಒಗ್ಗುವ ಊಟ. ಕಾಯಿಸಿ ಆರಿಸಿದ ಹಾಲು ಅಂತ ನಾನು ಸೇರಿಸುತ್ತೇನೆ. ಹಸಿ ಹಾಲು ಬಸುರಿಗೆ ಬೇಡವೇ ಬೇಡ, ಅದು ಮನೆಯಲ್ಲಿ ಕಟ್ಟಿದ ಹಸುವಿನದೇ ಆಗಿರಲಿ. ಹಾಲು ವಾಕರಿಕೆ ತಂದರೆ ಒತ್ತಾಯ ಬೇಡ. ಗಂಜಿ, ಒಂದು ಹಿಡಿ ಮಂಡಕ್ಕಿ, ಯಾವುದು ನಿಲ್ಲುತ್ತದೋ ಅದು.

ಎರಡನೇ ತಿಂಗಳು: ‘ಮಧುರ’ (ಸಿಹಿ ರುಚಿಯ) ಗುಂಪಿನ ಔಷಧಿ ಹಾಕಿ ಕಾಯಿಸಿದ ಹಾಲು, ಅಂದರೆ ಕ್ಷೀರಪಾಕ. ಜನ ಎಡವುವುದು ಇಲ್ಲಿಂದ ಶುರು. ಗ್ರಂಥಿಗೆ ಅಂಗಡಿಗೆ ಹೋಗಿ “ಬಸುರಿ ಪುಡಿ ಕೊಡಿ” ಅನ್ನುತ್ತಾರೆ, ಅವನೂ ಯಾವುದೋ ಡಬ್ಬಿಯಿಂದ ಪೊಟ್ಟಣ ಕಟ್ಟಿ ಕೊಡುತ್ತಾನೆ. ಅದರಲ್ಲಿ ಅಶ್ವಗಂಧ ಇದೆಯೋ, ಜ್ಯೇಷ್ಠಮಧು ಎಷ್ಟಿದೆಯೋ, ಭಸ್ಮ ಬೆರೆತಿದೆಯೋ ಯಾರಿಗೆ ಗೊತ್ತು. ಬೇರುಗಳ ವಿಷಯ ಓದಿ ಪಾಸಾದ ಆಯುರ್ವೇದ ವೈದ್ಯರಿಗೇ ಬಿಡಿ. ಮನೆಯಲ್ಲಿ ಮಾಡುವುದಾದರೆ ಅದೇ ಗುಂಪಿನ ಒಣದ್ರಾಕ್ಷಿ ಸಾಕು. ಅಳತೆಗೂ ಶಾಸ್ತ್ರವಿದೆ: ಔಷಧಿ 1 ಪಾಲು, ಹಾಲು 8 ಪಾಲು, ನೀರು 32 ಪಾಲು, ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯುವ ತನಕ ಸಣ್ಣ ಉರಿ. ಅಂದರೆ 12 ಗ್ರಾಂ ದ್ರಾಕ್ಷಿಗೆ ಅರ್ಧ ಲೋಟ ಹಾಲು, ಎರಡು ಲೋಟ ನೀರು. ನೀರು ಬಿಟ್ಟು ಬರೀ ಹಾಲಲ್ಲಿ ಕುದಿಸಿದರೆ ಅದು ಪಾಯಸ, ಕ್ಷೀರಪಾಕ ಅಲ್ಲ. ಹೊಟ್ಟೆಗೆ ಭಾರ.

ಡಬ್ಬಿಯಲ್ಲಿ ಬರುವ ‘ತಾಯಂದಿರ ಪೌಡರ್’ ಕೊಳ್ಳುವ ಮೊದಲು ಹಿಂಬದಿಯ ಪಟ್ಟಿ ಓದಿ. ಮೊದಲ ಎರಡು ಹೆಸರುಗಳಲ್ಲೇ ಸಕ್ಕರೆ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಮೂರನೇ ತಿಂಗಳು: ಹಾಲು, ಜೇನು, ತುಪ್ಪ. ಜೇನನ್ನು ಬಿಸಿ ಹಾಲಿಗೆ ಹಾಕಬಾರದು. ಜೇನು ಮತ್ತು ತುಪ್ಪ ಸಮ ತೂಕ ಆಗಬಾರದು, ಅದು ವಿರುದ್ಧಾಹಾರ, ಅಂದರೆ ಒಂದಕ್ಕೊಂದು ಆಗಿಬರದ ಜೋಡಿ. ಒಂದು ಲೋಟ ಆರಿದ ಹಾಲಿಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೇನು. ಮುಗಿಯಿತು.

ನಾಲ್ಕನೇ ತಿಂಗಳು: ಇಲ್ಲಿ ಸ್ವಲ್ಪ ಕೂತು ಮಾತಾಡಬೇಕು. ಚರಕ ಹೇಳುವುದು ‘ಕ್ಷೀರ ನವನೀತ’, ಅದೂ ‘ಅಕ್ಷ ಮಾತ್ರ’. ಅಕ್ಷ ಅಂದರೆ ಒಂದು ಕರ್ಷ, ಈಗಿನ ಲೆಕ್ಕದಲ್ಲಿ ಸುಮಾರು 12 ಗ್ರಾಂ. ಮನೆಯ ಚಿಕ್ಕ ಚಮಚದಲ್ಲಿ ಎರಡು, ಗುಡ್ಡೆ ಮಾಡದೆ. ದಿನಕ್ಕೆ ಅಷ್ಟೇ. ಬೆಣ್ಣೆ ದೋಸೆ ಊರಿನವರಾದ ನಮಗೆ ಎರಡು ಚಮಚ ಅಂದರೆ ಅವಮಾನ ಆದ ಹಾಗೆ ಅನಿಸುತ್ತದೆ, ಏನು ಮಾಡುವುದು.

ಇನ್ನು ಕ್ಷೀರ ನವನೀತ ಅಂದರೆ ಮೊಸರು ಕಡೆದ ಬೆಣ್ಣೆ ಅಲ್ಲ, ನೇರವಾಗಿ ಹಾಲಿನಿಂದ ತೆಗೆದದ್ದು. ನಮ್ಮ ಕಡೆ ಕೆನೆ ಕಂಡ ಕೂಡಲೇ ಕೈ ತಾನಾಗಿ ಹೆಪ್ಪಿನ ಬಟ್ಟಲಿಗೆ ಹೋಗುತ್ತದೆ. ನನ್ನ ದೊಡ್ಡ ಮಗಳ ಸಲ ನಾನೂ ಮೊದಲ ದಿನ ಹೆಪ್ಪು ಹಾಕಿದೆ. ಎರಡನೇ ದಿನ ಹೆಪ್ಪಿಲ್ಲದೆ, ಏಪ್ರಿಲ್ ಬಿಸಿಲಲ್ಲಿ, ಅಡುಗೆಮನೆಯ ಕಟ್ಟೆ ಮೇಲಿದ್ದ ಕೆನೆಯನ್ನು ಹಾಗೇ ಮಿಕ್ಸಿಗೆ ಹಾಕಿ ತಿರುವಿದೆ. ಬೆಣ್ಣೆ ಬರಲಿಲ್ಲ, ಮುಲಾಮು ಬಂತು. ಆಮೇಲೆ ಕಲಿತದ್ದು ಹೀಗೆ.

ಹಸುವಿನ ಹಾಲು ಬೇಕು, ಎರಡು ಲೀಟರ್. ಪ್ಯಾಕೆಟ್ ಹಾಲಾದರೆ ಅದರ ಮೇಲೆ ‘ಹೋಮೊಜಿನೈಸ್ಡ್’ ಅಂತ ಇದ್ದರೆ ಬೇಡ. ಅದರಲ್ಲಿ ಜಿಡ್ಡಿನ ಕಣಗಳನ್ನು ಒಡೆದು ಹಾಲಿನಲ್ಲೇ ಬೆರೆಸಿಬಿಟ್ಟಿರುತ್ತಾರೆ, ಎಷ್ಟು ಕಾದರೂ ಕೆನೆ ಮೇಲೆ ಕಟ್ಟುವುದಿಲ್ಲ. ಹಾಲನ್ನು ಉಕ್ಕು ಬರುವ ತನಕ ಕಾಯಿಸಿ, ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ, ತೆಳು ಬಟ್ಟೆ ಮುಚ್ಚಿ ಆರಲು ಬಿಡಿ. ಆರಿದ ಮೇಲೆ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ಮಧ್ಯರಾತ್ರಿ ನೀರಿನ ಬಾಟಲಿಗೆ ಕೈ ಹಾಕುವವರು ಪಾತ್ರೆ ಅಲುಗಿಸದ ಹಾಗೆ ಕೆಳಗಿನ ಮೂಲೆಯಲ್ಲಿಡಿ. ಬೆಳಿಗ್ಗೆ ಕೆನೆಯನ್ನು ಚಪ್ಪಟೆ ಸೌಟಿನಿಂದ ಅಂಚಿನಿಂದ ಒಳಗೆ ಸರಿಸುತ್ತಾ ತೆಗೆಯಿರಿ. ಮೊಸರು ಒಂದು ಹನಿಯೂ ಬೇಡ, ನಿನ್ನೆ ಮೊಸರಿದ್ದ ಪಾತ್ರೆಯೂ ಬೇಡ.

ಕೆನೆ ತಣ್ಣಗಿರುವಾಗಲೇ ಎತ್ತರದ, ಬಾಯಿ ಸಣ್ಣ ಇರುವ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಐಸ್ ನೀರಿನ ಬೋಗುಣಿಯಲ್ಲಿ ಕೂರಿಸಿ. ಕಡಗೋಲು ಇದ್ದರೆ ಕಡಗೋಲು. ಮಿಕ್ಸಿ ಅಂದರೆ ಬ್ಲೇಡು ಬಿಸಿಯಾಗುತ್ತದೆ, ನಾನು ಬೇಡ ಅನ್ನುತ್ತೇನೆ. ಹುಳಿ ಕೆನೆಗಿಂತ ಸಿಹಿ ಕೆನೆಯಲ್ಲಿ ಬೆಣ್ಣೆ ತಡವಾಗಿ ಬರುತ್ತದೆ, ಕೈಬಿಡಬೇಡಿ. ಮೊದಲು ನೊರೆ ಏಳುತ್ತದೆ. ಆಮೇಲೆ ಕಡಗೋಲು ಗಟ್ಟಿಯಾಗಿ ತಿರುಗಿ, ಪಾತ್ರೆಯ ಗೋಡೆಗೆ ಕೆನೆ ಮೆತ್ತಿಕೊಳ್ಳುತ್ತದೆ. ಬಹಳ ಜನ ಇಲ್ಲೇ “ಕೆಟ್ಟುಹೋಯ್ತು” ಅಂತ ನಿಲ್ಲಿಸಿಬಿಡುತ್ತಾರೆ. ಇನ್ನೂ ನಾಲ್ಕು ಸುತ್ತು ಕಡೆಯಿರಿ. ಇದ್ದಕ್ಕಿದ್ದ ಹಾಗೆ ಸದ್ದು ಬದಲಾಗುತ್ತದೆ, ಬುಡದಲ್ಲಿ ಗಳಗಳ ಅಂತ ನೀರಾಡಿದ ಸದ್ದು. ಒಳಗೆ ನೋಡಿದರೆ ದಪ್ಪ ರವೆಯಂಥ ಹಳದಿ ಕಾಳು. ಆಗ ನಿಲ್ಲಿಸಿ. ಒಂದು ಲೋಟ ಐಸ್ ನೀರು ಹಾಕಿ ನಿಧಾನ ಎರಡು ಸುತ್ತು ತಿರುವಿ, ಬಸಿಯಿರಿ. ಕುಡಿಯುವ ನೀರಿನಲ್ಲೇ ಮೂರು ಸಲ ತೊಳೆದು, ತೊಳೆದ ನೀರು ತಿಳಿಯಾಗುವ ತನಕ ಮರದ ಸಟ್ಟುಗದ ಬೆನ್ನಿನಿಂದ ಒತ್ತಿ. ಉಪ್ಪು ಬೇಡ. ಮೂಸಿ ನೋಡಿದರೆ ಹುಳಿ ವಾಸನೆ ಇರುವುದಿಲ್ಲ, ಹಾಲಿನ ವಾಸನೆ ಇರುತ್ತದೆ.

ಲೀಟರಿಗೆ ಎರಡು ಮೂರು ಚಮಚ ಸಿಕ್ಕರೆ ಪುಣ್ಯ. ಎರಡು ಲೀಟರಿಗೆ ಎರಡು ದಿನದ ಅಳತೆ, ಸರಿಯಾಯಿತಲ್ಲ. ಹುಳಿ ಇಲ್ಲದ ಬೆಣ್ಣೆ ಬೇಗ ಕೆಡುತ್ತದೆ, ಫ್ರಿಜ್‌ನಲ್ಲೂ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಉಳಿದ ಕೆನೆನೀರನ್ನು ರಾಗಿ ಗಂಜಿಗೆ ಹಾಕಿ. ಇಷ್ಟೆಲ್ಲ ಆಗದವರು ಒಳ್ಳೆಯ ಡೈರಿಯ ಉಪ್ಪಿಲ್ಲದ ಬೆಣ್ಣೆ ತನ್ನಿ. ಪೇಟೆಯ ಬಿಡಿ ಬೆಣ್ಣೆ ಮಾತ್ರ ತರಬೇಡಿ. ಕೆಲವು ಕಡೆ ಅದರಲ್ಲಿ ವನಸ್ಪತಿಯ ಪಾಲು ಎಷ್ಟು ಅಂತ ನಾಲಿಗೆಗೇ ಗೊತ್ತಾಗುತ್ತದೆ, ತಿಂದ ಮೇಲೆ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ.

ಇದೇ ತಿಂಗಳಿಂದ ಕಬ್ಬಿಣದ ಮಾತ್ರೆಯೂ ಶುರು. ಆಶಾ ಕಾರ್ಯಕರ್ತೆ ತಂದುಕೊಡುವ ಮಾತ್ರೆ, ಕನಿಷ್ಠ 180 ದಿನ. ಶಾಸ್ತ್ರಕ್ಕೂ ಮಾತ್ರೆಗೂ ಜಗಳ ಹತ್ತುವುದು ಇಲ್ಲೇ: ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆ ಮೂರೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬೆಳಿಗ್ಗೆ ಹಾಲಿನ ಲೋಟದ ಜೊತೆಗೇ ಮಾತ್ರೆ ನುಂಗಿಸಿ, “ತಿಂಗಳಾದ್ರೂ ರಕ್ತ ಏರ್ಲಿಲ್ಲ” ಅನ್ನುವ ಅತ್ತೆಯಂದಿರನ್ನು ನಾನು ನಾಲ್ಕು ಮನೆಯಲ್ಲಿ ನೋಡಿದ್ದೇನೆ. ಹಾಲು, ಬೆಣ್ಣೆ ಬೆಳಿಗ್ಗೆ. ಕಬ್ಬಿಣದ ಮಾತ್ರೆ ಮಧ್ಯಾಹ್ನದ ರೊಟ್ಟಿ, ಕಾಳುಪಲ್ಯ ಉಂಡು ನಿಂಬೆ ಪಾನಕದ ಜೊತೆ. ಕ್ಯಾಲ್ಸಿಯಂ ಅದರಿಂದ ಎರಡು ತಾಸು ದೂರ. ಚಹಾ ಬಿಡಲಾಗದಿದ್ದರೆ ಸಂಜೆಗೆ ತಳ್ಳಿ.

ಬಯಕೆಯ ವಿಷಯ. ಆಯುರ್ವೇದದ ಇನ್ನೊಬ್ಬ ಹಳೆಯ ಗ್ರಂಥಕಾರ ಸುಶ್ರುತ ನಾಲ್ಕನೇ ತಿಂಗಳ ಬಸುರಿಯನ್ನು ‘ದೌಹೃದಿನಿ’ ಅನ್ನುತ್ತಾನೆ, ಎರಡು ಹೃದಯದವಳು. ಬಯಸಿದ್ದನ್ನು ಕೊಡಬೇಕು. ಬಯಕೆ ತೀರಾ ಜೋರಿದ್ದರೆ, ಅಹಿತವಾದದ್ದನ್ನೂ ಹಿತವಾದದ್ದರ ಜೊತೆ ಬೆರೆಸಿ ಕೊಡು ಅನ್ನುತ್ತಾನೆ ಚರಕ. ಇದನ್ನು ನಮ್ಮೂರ ಮಂಡಕ್ಕಿ ಮಿರ್ಚಿಗೆ ಅನ್ವಯಿಸಿ ನೋಡಿ: ಮನೆಯಲ್ಲಿ ಹೊಸ ಎಣ್ಣೆಯಲ್ಲಿ ಕರಿದ ಒಂದು ಮಿರ್ಚಿ, ಬೀಜ ತೆಗೆದದ್ದು, ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಹುರಿದ ಶೇಂಗಾ ಜಾಸ್ತಿ. ಅವಳೂ ಖುಷಿ. ಆದರೆ ಮಣ್ಣು, ಬಳಪ, ಹಸಿ ಅಕ್ಕಿ ಬಯಸಿದರೆ ಅದು ಬರೀ ಬಯಕೆ ಅಲ್ಲ, ರಕ್ತ ಕಡಿಮೆ ಇರುವ ಸೂಚನೆ ಇರಬಹುದು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಹಿಡಿದು ಹೋಗಿ.

ಐದು, ಆರು: ಅದೇ ಹಾಲಿನ ಬೆಣ್ಣೆ ಕಾಯಿಸಿದ ತುಪ್ಪ, ಅದೇ ಎರಡು ಚಮಚ ಅನ್ನುವುದು ನನ್ನ ಲೆಕ್ಕ. ಉರಿ ಸಣ್ಣ, ನೊರೆ ಇಳಿದು ಬುಡದ ಗಸಿ ಹೊಂಬಣ್ಣಕ್ಕೆ ಬಂದರೆ ಇಳಿಸಿ. ಆರನೆಯದಕ್ಕೆ ಸುಶ್ರುತ ನೆಗ್ಗಿಲು ಹಾಕಿ ಕಾಯಿಸಿದ ತುಪ್ಪ ಹೇಳುತ್ತಾನೆ. ಅದು ವೈದ್ಯರು ಕೊಟ್ಟರೆ ಮಾತ್ರ.

ಏಳು: ಮೇಲೆ ಹೇಳಿದ್ದೇ. ಮೂರು ಊಟದ ಬದಲು ಆರು ಸಣ್ಣ ಊಟ. ನವಣೆ ಅನ್ನ, ಹೆಸರುಬೇಳೆ ತವ್ವೆ, ಮಜ್ಜಿಗೆ. ಹೊಟ್ಟೆಯ ಮೇಲಿನ ಬಿರಿಗೆರೆ ತುರಿಸಿದರೆ ಉಗುರಿನಿಂದ ಕೆರೆಯಬಾರದು, ಚರ್ಮ ವಿಕಾರವಾಗುತ್ತದೆ. ತಡೆಯದಿದ್ದರೆ ಉಜ್ಜಿಕೊಳ್ಳಲಿ ಎಂಬಷ್ಟು ವಿವರಕ್ಕೆ ಚರಕ ಇಳಿಯುತ್ತಾನೆ. ಅಂಗೈ, ಅಂಗಾಲು ತುರಿಕೆ ಬಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಎಂಟು: ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿ, ಮೇಲೆ ಸ್ವಲ್ಪ ತುಪ್ಪ. ಈ ಗಂಜಿಯ ಮೇಲೆ ಸಂಹಿತೆಯಲ್ಲೇ ಒಂದು ವಾಗ್ವಾದ ಇದೆ. ಭದ್ರಕಾಪ್ಯ ಎಂಬುವನು ಬೇಡ ಅನ್ನುತ್ತಾನೆ, ಕೂಸಿನ ಬಣ್ಣ ಪಿಂಗಳ (ಕಂದು ಹಳದಿ) ಆದೀತು ಅಂತ. ಬಣ್ಣ ಹಾಗಾದರೆ ಆಗಲಿ, ಗಂಜಿ ಬಿಡಬಾರದು, ತಾಯಿ ಆರೋಗ್ಯವಾಗಿದ್ದು ಗಟ್ಟಿ ಕೂಸು ಹೆರುತ್ತಾಳೆ ಅನ್ನುವುದು ಆತ್ರೇಯನ ಉತ್ತರ. ಕೂಸು ಬೆಳ್ಳಗಾಗಲಿ ಅಂತ ಕೇಸರಿ ಡಬ್ಬಿಗೆ ಸಾವಿರಗಟ್ಟಲೆ ಸುರಿಯುವವರು ಆ ದುಡ್ಡಿಗೆ ಹಾಲು, ಮೊಟ್ಟೆ, ಹಣ್ಣು ತನ್ನಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದ್ದರೆ ನಾಚಿಕೆ ಬಿಟ್ಟು ಕಳಿಸಿ.

ನಡೆ ನುಡಿಯಲ್ಲಿ ಚರಕನ ಒಂದೇ ಹೋಲಿಕೆ ಸಾಕು: ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಹೇಗೆ ತುಳುಕದಂತೆ ಹಿಡಿಯುತ್ತೇವೋ ಹಾಗೆ ಬಸುರಿಯನ್ನು ನೋಡಿಕೊಳ್ಳಬೇಕು. ಚಳ್ಳಕೆರೆಯ ಎಣ್ಣೆ ಗಾಣಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಲುಕಾಡುವ ಗಾಡಿ ಬೇಡ, ಉಪವಾಸ ಬೇಡ, ಮಲ ಮೂತ್ರ ತಡೆಯುವುದು ಬೇಡ, ಅಂಗಾತ ಮಲಗುವುದು ಬೇಡ. ಮನೆಯಲ್ಲಿ ಅವಳಿರುವ ಕೋಣೆಯ ಬಾಗಿಲಲ್ಲಿ ನಿಂತು ಬೀಗರ ಲೆಕ್ಕಾಚಾರ ಮಾತಾಡುವುದೂ ಬೇಡ.

ಒಂಬತ್ತು: ಅಡುಗೆಯವರ ಕೆಲಸ ಹೆಚ್ಚಿಲ್ಲ. ಶಾಸ್ತ್ರ ಹೇಳುವ ಎಣ್ಣೆಯ ಬಸ್ತಿ (ಎನಿಮಾ), ಪಿಚು (ಎಣ್ಣೆಯಲ್ಲಿ ನೆನೆಸಿದ ಹತ್ತಿ ಇಡುವುದು) ವೈದ್ಯರ ಕೈಗೆ ಸೇರಿದ್ದು, ಯೂಟ್ಯೂಬ್ ನೋಡಿ ಮಾಡುವುದಲ್ಲ. ನೋವು ಬರಲಿ ಅಂತ ಹರಳೆಣ್ಣೆ ಕುಡಿಸಬೇಡಿ. ಮಿಕ್ಕ ತುಪ್ಪಕ್ಕೆ ತಾರೀಖಿನ ಚೀಟಿ ಅಂಟಿಸಿ ಬಾಣಂತನಕ್ಕೆ ಎತ್ತಿಡಿ. ಮೂರನೇ ತಿಂಗಳಲ್ಲಿ ತಂದ ಜೇನಿನ ಬಾಟಲಿಯನ್ನು ಅಟ್ಟದ ಮೇಲೆ, ಅಜ್ಜಿಯ ಕೈಗೆ ಎಟುಕದ ಹಾಗೆ ಇಡಿ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ಎಷ್ಟೇ ಹಳೆಯದಾದರೂ, ವರ್ಷ ತುಂಬುವ ತನಕ ಅದು ಬೇಡ.