ಎಂಜಿನ್ ಕವರಿಗೆ ಸಮನಾದ ಸುಕ್ಕು ಪೇಂಟ್

ನನ್ನ ಹಳೆ ಯೆಜ್ಡಿ ಬೈಕಿನ ಕ್ಲಚ್ ಕವರಿಗೆ ಸುಕ್ಕು ಪೇಂಟ್ (ಒಣಗುವಾಗ ಬೇಕೆಂದೇ ಸುಕ್ಕುಗಟ್ಟುವ ಪೇಂಟ್) ಹೊಡೆದೆ. ಮೊದಲ ಸಲ ಅರ್ಧ ಸುಕ್ಕು, ಅರ್ಧ ನುಣುಪು. ತಪ್ಪು ನನ್ನದೇ. ಪೇಂಟ್ ಹಾಳಾದೀತೆಂದು ತೆಳ್ಳಗೆ ಹೊಡೆದಿದ್ದೆ. ಈ ಪೇಂಟಿಗೆ ಜಿಪುಣತನ ಆಗಿಬರಲ್ಲ. ಮೇಲ್ಪದರ ಮೊದಲು ಒಣಗಿ, ಅಡಿಯದು ಹಸಿಯಾಗಿದ್ದರೆ ತಾನೇ ಸುಕ್ಕು ಬೀಳೋದು?

ಕವರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದು, ಸೋಪುನೀರಲ್ಲಿ ತೊಳೆದು ಒಣಗಿಸಿ. 320ರ ಉಪ್ಪುಕಾಗದದಿಂದ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ. ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ಕವರಿನಡಿ ಇಡುವ ತೆಳು ಹಾಳೆ) ಕೂರುವ ಜಾಗಕ್ಕೆ ಟೇಪ್ ಹಚ್ಚಿ.

ಕವರನ್ನು ಮಲಗಿಸಿಡಿ, ನಿಲ್ಲಿಸಿದರೆ ದಪ್ಪ ಪೇಂಟ್ ಸೋರುತ್ತದೆ. ಮೊದಲು ಅಂಚು, ಮೂಲೆಗಳಿಗೆ ಹೊಡೆಯಿರಿ. ನಂತರ ಮೂರು ದಪ್ಪ ಕೋಟ್: ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಯಾಗಿ. ನಡುವೆ ಸುಮಾರು 5 ನಿಮಿಷ ಬಿಡುವು. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದೇ ಸರಿ.

ಈಗ ಶಾಖ. ಹೀಟ್ ಗನ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಸುಕ್ಕು ಹರಡುವುದನ್ನು ನೋಡೋದೇ ಮಜಾ, ಹಾಲಿನ ಕೆನೆ ಕಟ್ಟಿದ ಹಾಗೆ! ಅಡುಗೆಮನೆಯ ಓವನ್ ಮಾತ್ರ ಬೇಡ. ವಾಸನೆಗೂ ಬೈಗುಳಕ್ಕೂ ತಯಾರಿದ್ದರೆ ನಿಮ್ಮಿಷ್ಟ ಅನ್ನಲೂ ಆಗಲ್ಲ, ಆ ಹೊಗೆ ಊಟಕ್ಕೆ ಸೇರಬಾರದು.

ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟು, ಆಮೇಲೆ ಜೋಡಿಸಿ.