ಕಲಬುರಗಿಯ ಬಿಸಿಲಿನಲ್ಲಿ ಗಾಡಿಯ ಬ್ಯಾಟರಿ ಚಾರ್ಜ್ ಮಾಡುವುದು: ನನ್ನ ಅನುಭವ

ಲೆಡ್-ಆಸಿಡ್ ಬ್ಯಾಟರಿ ಚಾರ್ಜರಿನ ಕೈಪಿಡಿಯಲ್ಲಿ ಕಾಣುವ 14.4 ವೋಲ್ಟ್ ಎಂಬ ಅಂಕಿ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿದು ಕೊಟ್ಟದ್ದು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 42 ಡಿಗ್ರಿ ದಾಟುವುದುಂಟು. ಈ ಅಂತರವನ್ನು ಗಮನಕ್ಕೆ ತಾರದೆ ಮನೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿದರೆ ಒಳಗಿನ ನೀರು ಬೇಗ ಒಡೆದು ಗ್ಯಾಸ್ ಆಗುತ್ತದೆ, ಪ್ಲೇಟುಗಳು ಸವೆಯುತ್ತವೆ ಮತ್ತು ಅಪಾಯವೂ ಹೆಚ್ಚುತ್ತದೆ. ನಿಧಾನವಾಗಿ, ತಂಪು ಹೊತ್ತಿನಲ್ಲಿ, ಅಳತೆ ಮಾಡುತ್ತಾ ಚಾರ್ಜ್ ಮಾಡುವುದೇ ನಮ್ಮ ಭಾಗಕ್ಕೆ ಸರಿಯಾದ ಕ್ರಮವೆಂಬುದು ಹಲವು ವರ್ಷಗಳಿಂದ ಒಂದು ಕಾರು ಮತ್ತು ಒಂದು ಟ್ರ್ಯಾಕ್ಟರಿನ ಬ್ಯಾಟರಿಗಳನ್ನು ನೋಡಿಕೊಂಡು ಬಂದ ನನ್ನ ಖಚಿತ ಅಭಿಪ್ರಾಯ.

ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ತೊಗರಿ ರಾಶಿ ಮುಗಿದು, ಉಳುಮೆಯೂ ಆದ ಮೇಲೆ ಟ್ರ್ಯಾಕ್ಟರಿಗೆ ಮುಂಗಾರಿನವರೆಗೆ ಹೆಚ್ಚು ಕೆಲಸವಿರುವುದಿಲ್ಲ. ಬ್ಯಾಟರಿಗೆ ಅತ್ಯಂತ ಕೆಟ್ಟ ಕಾಲ ಅದೇ. ಸುಮ್ಮನೆ ನಿಂತ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಆ ಇಳಿಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಳಿದ ಸ್ಥಿತಿಯಲ್ಲಿ ಬಹಳ ದಿನ ಉಳಿದರೆ ಪ್ಲೇಟುಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ, ಆ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಬ್ಯಾಟರಿಯನ್ನು ಪರೀಕ್ಷಿಸುತ್ತೇನೆ.

"ಅಣ್ಣಾ, ಅಂಗಡ್ಯಾಗ ಕೊಟ್ರ ಒಂದ್ ತಾಸಿನಾಗ ಚಾರ್ಜ್ ಮಾಡಿ ಕೊಡ್ತಾರ, ನೀ ಯಾಕ ಇಡೀ ದಿನ ಕುಂದರ್ತಿ?" ಎಂದು ತಮ್ಮ ಕೇಳುತ್ತಿದ್ದ. ಒಂದು ತಾಸಿನಲ್ಲಿ ಮುಗಿಸಬೇಕೆಂದರೆ ಭಾರಿ ಕರೆಂಟ್ ಹರಿಸಬೇಕಾಗುತ್ತದೆ. ಗಾಡಿ ಒಮ್ಮೆ ಸ್ಟಾರ್ಟ್ ಆಗುವಷ್ಟು ಶಕ್ತಿ ಅದರಿಂದ ಬರುತ್ತದೆ, ಆದರೆ ಪ್ಲೇಟಿನ ಒಳಭಾಗದವರೆಗೆ ಚಾರ್ಜ್ ಇಳಿಯುವುದಿಲ್ಲ, ಬ್ಯಾಟರಿಯಂತೂ ಕಾದು ಹೋಗುತ್ತದೆ. ನಾನು ಪಾಲಿಸುವ ಲೆಕ್ಕ ಸರಳ: ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರಿನ, ಅಂದರೆ ಅದರ ಸಾಮರ್ಥ್ಯದ, ಹತ್ತನೇ ಒಂದು ಭಾಗದಷ್ಟು ಕರೆಂಟ್. ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ 3.5 ಆಂಪಿಯರ್, ಟ್ರ್ಯಾಕ್ಟರಿನ 75ರದ್ದಕ್ಕೆ 7.5 ಆಂಪಿಯರ್. ಅರ್ಧ ಇಳಿದ ಕಾರಿನ ಬ್ಯಾಟರಿಗೆ ಲೆಕ್ಕದಂತೆ ಐದು ತಾಸು ಸಾಕೆನಿಸಿದರೂ, ಕೊಟ್ಟದ್ದರಲ್ಲಿ ಒಂದಿಷ್ಟು ನಷ್ಟವಾಗುವುದರಿಂದ ಮತ್ತು ಕೊನೆಯ ಹಂತದಲ್ಲಿ ಕರೆಂಟ್ ತಾನಾಗಿಯೇ ಕಡಿಮೆಯಾಗುತ್ತಾ ಹೋಗುವುದರಿಂದ ಏಳೆಂಟು ತಾಸು ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ.

ಚಾರ್ಜರ್ ಜೋಡಿಸುವ ಮೊದಲೇ ಬ್ಯಾಟರಿಯ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಗಾಡಿ ಬಂದ್ ಮಾಡಿ ನಾಲ್ಕೈದು ತಾಸಾದ ಮೇಲೆ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ಕಂಡರೆ ಬ್ಯಾಟರಿ ತುಂಬಿದೆ ಎಂದರ್ಥ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ, 11.8ಕ್ಕಿಂತ ಕೆಳಗೆ ಬಂದರೆ ಖಾಲಿ. ಇದರಲ್ಲಿ ನಾನು ವಿಶೇಷವಾಗಿ ಎಚ್ಚರ ವಹಿಸುವುದು 10.5ರ ಸುತ್ತಮುತ್ತಲಿನ ಅಂಕಿಗೆ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿದ್ದು ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಐದು ಸೆಲ್‌ಗಳ ಮೊತ್ತವೇ 10.5 ಆಗುವುದರಿಂದ, ಈ ಅಂಕಿ ಒಂದು ಸೆಲ್ ಒಳಗೇ ಶಾರ್ಟ್ ಆಗಿರಬಹುದೆಂಬುದರ ಸೂಚನೆ. ಅಂಥದ್ದಕ್ಕೆ 14.4 ವೋಲ್ಟ್ ಕೊಟ್ಟರೆ ಉಳಿದ ಐದು ಸೆಲ್‌ಗಳ ಪಾಲಿಗೆ ಒಂದೊಂದಕ್ಕೂ ಸುಮಾರು 2.9 ವೋಲ್ಟ್ ಬಿದ್ದು ಅವು ವಿಪರೀತ ಗ್ಯಾಸ್ ಬಿಡುತ್ತವೆ. ಅಂಥ ಬ್ಯಾಟರಿಯನ್ನೂ, ಹೊಟ್ಟೆ ಉಬ್ಬಿದ ಅಥವಾ ಬಿರುಕು ಬಿಟ್ಟ ಬ್ಯಾಟರಿಯನ್ನೂ ನಾನು ಮನೆಯಲ್ಲಿ ಚಾರ್ಜಿಗೆ ಇಡುವುದೇ ಇಲ್ಲ.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ, ಆಮ್ಲದ ಸಾಂದ್ರತೆಯನ್ನು (ಗ್ರಾವಿಟಿ) ನೀರಿಗೆ ಹೋಲಿಸಿ ಅಳೆಯುವ ಹೈಡ್ರೋಮೀಟರ್ ಇನ್ನೂ ಹೆಚ್ಚು ತಿಳಿಸುತ್ತದೆ. ರಬ್ಬರ್ ಗುಂಡನ್ನು ಮೆಲ್ಲಗೆ ಒತ್ತಿ ಬಿಟ್ಟು ಆಮ್ಲವನ್ನು ಮೇಲಕ್ಕೆಳೆದು, ಗಾಜಿನ ತೇಲು ಕೊಳವೆಯ ಗೋಡೆಗೆ ತಾಗದೆ ನೆಟ್ಟಗೆ ನಿಂತ ಮೇಲೆ, ಕಣ್ಣನ್ನು ಅದರ ಮಟ್ಟಕ್ಕೆ ತಂದು ಓದಬೇಕು. ತುಂಬಿದ ಸೆಲ್‌ನಲ್ಲಿ ತಯಾರಕರಿಗೆ ತಕ್ಕಂತೆ 1.240ರಿಂದ 1.280ರವರೆಗೆ ಬರುತ್ತದೆ, ನಿಮ್ಮ ಬ್ಯಾಟರಿಯ ಅಂಕಿಯನ್ನು ಅದರ ಕಾರ್ಡಿನಲ್ಲಿ ನೋಡಿಕೊಳ್ಳಿ. ಆಮ್ಲ ಬಿಸಿಯಿದ್ದಷ್ಟೂ ಓದು ಕಡಿಮೆ ಬರುವುದರಿಂದ, 27 ಡಿಗ್ರಿಗಿಂತ ಮೇಲಿನ ಪ್ರತಿ 10 ಡಿಗ್ರಿಗೆ 0.007 ಕೂಡಿಸುತ್ತೇನೆ. ಆರೂ ಸೆಲ್‌ಗಳ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ತಾರೀಖಿನ ಮನೆಯಲ್ಲೇ ಬರೆದಿಡುವ ರೂಢಿ ನನ್ನದು. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಹಿಂದೆ ಬಿದ್ದಿದ್ದು, ಪೂರ್ತಿ ಚಾರ್ಜ್ ಮಾಡಿದ ಮೇಲೂ ಅದೇ ಅಂತರ ಉಳಿದರೆ ಆ ಬ್ಯಾಟರಿಯ ಆಯುಷ್ಯ ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು.

ಜಾಗದ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಚಾರ್ಜ್ ಆಗುವಾಗ, ಅದರಲ್ಲೂ ಕೊನೆಯ ಹಂತದಲ್ಲಿ, ಬ್ಯಾಟರಿಯಿಂದ ಹೈಡ್ರೋಜನ್ ಮತ್ತು ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4 ಇದ್ದರೂ ಸಾಕು, ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅದು ಹಗುರವಾದ ಅನಿಲವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಮಾಳಿಗೆಯ ಕೆಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಮೆಟ್ಟಿಲ ಕೆಳಗಿನ ಗೂಡು, ಅಡುಗೆ ಮನೆ, ದೇವರ ಜಗುಲಿಯ ಪಕ್ಕ, ಮಲಗುವ ಕೋಣೆ ಇವೆಲ್ಲ ನಿಷಿದ್ಧ. ನಮ್ಮ ಮನೆಯಲ್ಲಿ ಮೂರು ಕಡೆ ತೆರೆದಿರುವ ಪಡಸಾಲೆಯ ಅಂಚಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುತ್ತೇನೆ. ಚಾರ್ಜಿಂಗ್ ನಡೆಯುವಾಗ ಆ ಬದಿಗೆ ಊದುಬತ್ತಿ, ಬೀಡಿ ಯಾವುದೂ ಬರಬಾರದೆಂದು ಮನೆಯವರಿಗೂ ಬಂದವರಿಗೂ ಮೊದಲೇ ಹೇಳಿರುತ್ತೇನೆ.

ನಮ್ಮ ಭಾಗದ ಮನೆಗಳ ನೆಲಕ್ಕೆ ಹಾಸಿರುವುದು ಹೆಚ್ಚಾಗಿ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲು. ಹೈಡ್ರೋಮೀಟರಿನ ತುದಿಯಿಂದ ಒಂದೇ ಹನಿ ಆಮ್ಲ ಬಿದ್ದರೂ ಅಲ್ಲಿ ಸಣ್ಣಗೆ ಬುರುಗು ಏಳುತ್ತದೆ, ಒರೆಸಿದ ಮೇಲೆ ಕಲ್ಲಿನ ನಯ ಹೋಗಿ ಕಡಲೆ ಕಾಳಿನಷ್ಟು ಬಿಳಿ ಕಲೆ ಉಳಿಯುತ್ತದೆ. ಕಲ್ಲನ್ನೇ ತಿನ್ನುವ ಈ ಗಂಧಕಾಮ್ಲ ಕಣ್ಣಿಗೆ ಸಿಡಿದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. ಬ್ಯಾಟರಿಯ ಕೆಳಗೆ ಅಗಲವಾದ ಪ್ಲಾಸ್ಟಿಕ್ ಟ್ರೇ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಡಬ್ಬಿ ಅಡುಗೆ ಸೋಡಾ ಇಟ್ಟುಕೊಂಡು, ರಬ್ಬರ್ ಕೈಗವಸು ಮತ್ತು ಬದಿಯೂ ಮುಚ್ಚುವ ಕನ್ನಡಕ ಹಾಕಿಕೊಂಡೇ ಕೆಲಸ ಶುರು ಮಾಡುತ್ತೇನೆ. ಉಂಗುರ, ಗಡಿಯಾರ ಮತ್ತು ಕೊರಳಿನ ಸರವನ್ನು ಮೊದಲೇ ತೆಗೆದಿಡುತ್ತೇನೆ. ಕಣ್ಣಿಗೆ ಆಮ್ಲ ತಾಗಿದರೆ ಕನಿಷ್ಠ 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೋಡಾ ಇರುವುದು ನೆಲಕ್ಕೆ ಮತ್ತು ಟ್ರೇಗೆ. ಕಣ್ಣಿಗಾಗಲಿ ಸೆಲ್‌ನ ಒಳಕ್ಕಾಗಲಿ ಅದನ್ನು ಹಾಕಬಾರದು.

ಗಾಡಿಯಿಂದ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಪ್ಲಸ್ ಬಿಚ್ಚುವಾಗ ಪಾನಾ ಗಾಡಿಯ ಕಬ್ಬಿಣಕ್ಕೆ ತಾಗಿದರೂ ಶಾರ್ಟ್ ಆಗದಿರಲು ಈ ಕ್ರಮ. ಬಾನೆಟ್ ಕೆಳಗಿಂದ ತೆಗೆದ ಬ್ಯಾಟರಿ ಬಿಸಿಯಾಗಿರುತ್ತದೆ, ಅದು ಪೂರ್ತಿ ಆರಲು ತಾಸುಗಟ್ಟಲೆ ಬೇಕಾಗುವುದರಿಂದ ಮೊದಲು ನೆರಳಿನಲ್ಲಿ ಬಿಡುತ್ತೇನೆ. ಚಾರ್ಜರಿನ ಸ್ವಿಚ್ ಬಂದ್ ಇರುವಾಗಲೇ ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಬಿಗಿಯಾಗಿ ಕಚ್ಚಿಸಿ, ಕೊನೆಗೆ ಅರ್ಥಿಂಗ್ ಇರುವ ತ್ರೀ-ಪಿನ್ ಸಾಕೆಟ್ಟಿನ ಸ್ವಿಚ್ ಹಾಕುತ್ತೇನೆ. ತೆಗೆಯುವಾಗಲೂ ಮೊದಲು ಸ್ವಿಚ್ ಬಂದ್, ಆಮೇಲೆ ಕ್ಲಿಪ್. ಕರೆಂಟ್ ಹರಿಯುತ್ತಿರುವಾಗ ಕ್ಲಿಪ್ ಎಳೆದರೆ ಕಿಡಿ ಹಾರುವುದು ಗ್ಯಾಸ್ ಬರುವ ಬಾಯಿಯ ಪಕ್ಕದಲ್ಲೇ. ಬ್ಯಾಟರಿ ಸಿಡಿಯುವುದಕ್ಕೆ ಇಂಥ ಕಿಡಿಯೊಂದೇ ಸಾಕು. ಬ್ಯಾಟರಿಯನ್ನು ಗಾಡಿಯಲ್ಲೇ ಇಟ್ಟು ಚಾರ್ಜ್ ಮಾಡಬೇಕಾದರೆ, ಕೈಪಿಡಿಯನ್ನು ನೋಡಿಕೊಂಡು, ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದ ಚಾಸಿಗೆ ಹಾಕುವುದು ಇದೇ ಕಾರಣಕ್ಕೆ.

ಇನ್ನು ಬಿಸಿಲಿನ ಲೆಕ್ಕ. ಉಷ್ಣತೆ ಏರಿದಂತೆ ಚಾರ್ಜಿಂಗ್ ವೋಲ್ಟೇಜನ್ನು ಇಳಿಸಬೇಕು; 12 ವೋಲ್ಟಿನ ಬ್ಯಾಟರಿಗೆ ಪ್ರತಿ ಡಿಗ್ರಿಗೆ ಸುಮಾರು 0.02 ವೋಲ್ಟ್. ಆಮ್ಲ 40 ಡಿಗ್ರಿ ಇದ್ದರೆ 14.4ರ ಬದಲು 14.1 ಸಾಕು. ನನ್ನ ಚಾರ್ಜರಿನಲ್ಲಿ ವೋಲ್ಟೇಜ್ ಹೊಂದಿಸಲು ಬರುವುದರಿಂದ ಬೇಸಿಗೆಯಲ್ಲಿ ಹಾಗೆಯೇ ಇಡುತ್ತೇನೆ. ಇದು ಗಾಳಿಯ ಉಷ್ಣತೆಯ ಲೆಕ್ಕವಲ್ಲ, ಆಮ್ಲದ್ದು ಎಂಬುದನ್ನು ಮರೆಯಬಾರದು. ಬೇಸಿಗೆಯಲ್ಲಿ ನಸುಕಿನ ಐದಕ್ಕೆ ಶುರು ಮಾಡಿ ಹತ್ತು ಹತ್ತೂವರೆಗೆ ನಿಲ್ಲಿಸುತ್ತೇನೆ, ಉಳಿದದ್ದನ್ನು ಬಿಸಿಲು ಇಳಿದ ಮೇಲೆ ಮುಂದುವರಿಸಿ ಮಲಗುವ ಮೊದಲು ಬಂದ್ ಮಾಡುತ್ತೇನೆ. ಎಲ್ಲರೂ ಮಲಗಿರುವಾಗ ಚಾರ್ಜರ್ ಓಡಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ಎಷ್ಟೇ ಆಟೋಮ್ಯಾಟಿಕ್ ಆಗಿದ್ದರೂ ಸರಿ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಇದ್ದವರಂತೂ ಪಕ್ಕದಿಂದ ಏಳಬಾರದು, ಏಕೆಂದರೆ ಬ್ಯಾಟರಿ ತುಂಬಿದ ಮೇಲೂ ಅದು ತಾನಾಗಿ ನಿಲ್ಲುವುದಿಲ್ಲ. ಕರೆಂಟ್ ಹೋಗಿ ಬಂದಾಗ ಕೆಲವು ಚಾರ್ಜರುಗಳು ಬಟನ್ ಒತ್ತುವವರೆಗೆ ಸುಮ್ಮನಿರುತ್ತವೆ, ಅದನ್ನೂ ನೋಡಿಕೊಳ್ಳಬೇಕು.

ಚಾರ್ಜ್ ಆಗುವಾಗ ಅರ್ಧ ತಾಸಿಗೊಮ್ಮೆ ಬ್ಯಾಟರಿಯ ಪಕ್ಕೆಯನ್ನು ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಬಂದ್ ಮಾಡುತ್ತೇನೆ. ಆಮ್ಲ 50 ಡಿಗ್ರಿ ದಾಟಲು ಬಿಡಬಾರದು. ಎಲ್ಲ ಸೆಲ್‌ಗಳಿಂದಲೂ ಒಂದೇ ಬಗೆಯ ಸಣ್ಣ ಸದ್ದು ಕೇಳಿಬರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ, ಅತಿ ಚಾರ್ಜ್ ಅಥವಾ ಕೆಟ್ಟ ಸೆಲ್‌ನ ಲಕ್ಷಣ. ಆಗ ಬ್ಯಾಟರಿಯ ಹತ್ತಿರ ಹೋಗದೆ ದೂರದ ಸ್ವಿಚ್ಚನ್ನೇ ಬಂದ್ ಮಾಡಿ, ಎಲ್ಲರೂ ದೂರ ಸರಿದು, ವಾಸನೆ ಹೋಗಿ ಬ್ಯಾಟರಿ ಆರುವವರೆಗೆ ಕಾಯಬೇಕು. ವೋಲ್ಟೇಜ್ ಮತ್ತು ಗ್ರಾವಿಟಿ ಎರಡೂ ತಾಸಿಗೊಂದರಂತೆ ನೋಡಿದ ಮೂರು ಅಳತೆಗಳಲ್ಲಿ ಬದಲಾಗದಿದ್ದರೆ ಬ್ಯಾಟರಿ ತುಂಬಿದೆ ಎಂದರ್ಥ.

ನೀರನ್ನು ಹಾಕುವುದು ಚಾರ್ಜ್ ಮುಗಿದ ಮೇಲೆ. ಚಾರ್ಜ್ ಆಗುವಾಗ ದ್ರವ ಉಬ್ಬುವುದರಿಂದ, ಮೊದಲೇ ತುಂಬಿಸಿದರೆ ಆಮ್ಲ ಹೊರಚೆಲ್ಲುತ್ತದೆ. ಪ್ಲೇಟುಗಳು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದನ್ನು ಕೊನೆಗೆ ಗುರುತಿನವರೆಗೆ ತುಂಬಿಸುತ್ತೇನೆ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್ ನೀರು ಎಷ್ಟು ಗಡುಸು ಎಂಬುದನ್ನು ಸ್ನಾನದ ಬಕೆಟ್ಟಿನ ಬಿಳಿ ಪೊರೆಯೇ ಹೇಳುತ್ತದೆ, ಆ ಸುಣ್ಣವೆಲ್ಲ ಬ್ಯಾಟರಿಯಲ್ಲೇ ಉಳಿಯುತ್ತದೆ. ಕುಡಿಯುವ ಫಿಲ್ಟರ್ ನೀರಿನಲ್ಲೂ ಲವಣಗಳಿರುತ್ತವೆ. ಆಮ್ಲವನ್ನಂತೂ ಹಾಕುವ ಪ್ರಶ್ನೆಯೇ ಇಲ್ಲ, ಆರಿಹೋಗಿರುವುದು ನೀರೇ ಹೊರತು ಆಮ್ಲವಲ್ಲ.

ಬೈಕು, ಸ್ಕೂಟಿಗಳ ಬ್ಯಾಟರಿಯ ಬಗ್ಗೆ ಒಂದು ಮಾತು. ಅವುಗಳಲ್ಲಿ ಈಗ ಹೆಚ್ಚಿನವು ಸೀಲ್ ಆದವು, ಸಾಮರ್ಥ್ಯ 4 ಅಥವಾ 5 ಆಂಪಿಯರ್-ಅವರ್ ಮಾತ್ರ. ಅವಕ್ಕೆ ಅರ್ಧ ಆಂಪಿಯರ್ ಸಾಕು. ಕಾರಿನ ಚಾರ್ಜರಿನಿಂದ ನಾಲ್ಕು ಆಂಪಿಯರ್ ಹರಿಸಿದರೆ ಒಳಗಿನ ತೇವ ಆರಿ ಹೋಗುತ್ತದೆ, ಮೇಲಿಂದ ನೀರು ಹಾಕಲು ಅದಕ್ಕೆ ಬಾಯಿಯೇ ಇರುವುದಿಲ್ಲ. ಅವನ್ನು ಕೊರೆದು ತೆರೆಯಲೂ ಬಾರದು.

ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ಮನೆ ಬಿಟ್ಟು, ಬೆಳಿಗ್ಗೆ 12.6 ಉಳಿದಿದ್ದರೆ ಗಾಡಿಗೆ ಹಾಕುತ್ತೇನೆ. ಈಗ ಮೊದಲು ಪ್ಲಸ್, ಕೊನೆಗೆ ಮೈನಸ್. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಹೀಗಿದ್ದೂ ಬ್ಯಾಟರಿ ಮತ್ತೆ ಮತ್ತೆ ಇಳಿದರೆ ಗಾಡಿ ನಿಂತಾಗ ಕರೆಂಟ್ ಎಲ್ಲೋ ಸೋರುತ್ತಿರಬಹುದು. ಬರೀ 50 ಮಿಲಿಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತದೆ, 35ರ ಬ್ಯಾಟರಿ ಹದಿನೈದು ದಿನದಲ್ಲಿ ಅರ್ಧ ಖಾಲಿಯಾಗುತ್ತದೆ. ಟ್ರ್ಯಾಕ್ಟರನ್ನು ಬಹಳ ದಿನ ನಿಲ್ಲಿಸುವಾಗ ಮೈನಸ್ ತಂತಿಯನ್ನು ಬಿಚ್ಚಿಡಲು ತಮ್ಮನಿಗೆ ಹೇಳಿದ್ದೇನೆ, ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರುವುದನ್ನು ಅವನೇ ರೂಢಿ ಮಾಡಿಕೊಂಡಿದ್ದಾನೆ.

ಚಾರ್ಜ್ ಹಿಡಿಯದ ಬ್ಯಾಟರಿಯನ್ನು ಗುಜರಿಯವರಿಗೆ ಕೊಡುವುದಿಲ್ಲ. ಅದನ್ನು ಒಡೆದು ಆಮ್ಲವನ್ನು ಚರಂಡಿಗೆ ಸುರಿದು, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸಿದರೆ ಆ ಹೊಗೆ ಮತ್ತು ಧೂಳು ಮೊದಲು ಸೇರುವುದು ಸುತ್ತಲಿನ ಮಕ್ಕಳ ರಕ್ತಕ್ಕೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಹಳೆಯದನ್ನು ಹೊಸದು ಕೊಳ್ಳುವ ಅಂಗಡಿಗೇ ನೆಟ್ಟಗೆ ನಿಲ್ಲಿಸಿ ಒಯ್ದು ಕೊಡುತ್ತೇನೆ, ಅದಕ್ಕಾಗಿ ಕಡಿತವಾದ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುತ್ತೇನೆ.